ಶರಣಪ್ಪ ಕಾಕಾ ಅವರ ಮೂವತ್ತೇಳನೇ ಚಿತ್ರ

ಜೂನ್ ೧೫, ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ಶರಣಪ್ಪ ಕಾಕಾ ಚಿತ್ರ ತೆಗೆಯುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ನೆಹರು ಗಂಜ್ ಮಾರುಕಟ್ಟೆಯ ಸುಡುವ ಡಾಂಬರಿನ ಮೇಲೆ, ತೊಗರಿ ಚೀಲಗಳ ನಡುವೆ ಬರಿಗಾಲಲ್ಲಿ ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿಯುತ್ತಿದ್ದರು. ಹಮಾಲರಿಗೆ ಅದೊಂದು ತಮಾಷೆ.

“ಏನ್ರೀ ಗುಮಾಸ್ತರ, ಡಬ್ಬ್ಯಾಗ ದೇವರದಾನೇನು?”

“ದೇವರಿಲ್ಲೋ, ರೋಲ್ ಅದ. ಚಪ್ಪಲಿ ಮ್ಯಾಲ ನಿಂತ್ರ ಕೈ ಅಲುಗ್ತದ.”

ಕಾಕಾ ಗಂಜಿನಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮದುವೆಯಾಗಿರಲಿಲ್ಲ. ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ನಮ್ಮ ಪಕ್ಕದ ಮನೆ. ಎಲ್ಲರ ಕೈಯಲ್ಲೂ ಫೋನ್ ಇರುವ ಈ ಕಾಲದಲ್ಲಿ ಅವರು ಮುಂಬೈಯಿಂದ ಕಪ್ಪು-ಬಿಳುಪಿನ ಫಿಲ್ಮ್ ರೋಲ್ ತರಿಸುತ್ತಿದ್ದರು, ಬಚ್ಚಲಲ್ಲಿ ತಾವೇ ತೊಳೆಯುತ್ತಿದ್ದರು. ಬೇಸಿಗೆಯಲ್ಲಿ ನಲ್ಲಿ ನೀರೇ ಕುದಿಯುವಂತಿರುತ್ತದೆ. ಅದರಲ್ಲಿ ತೊಳೆದರೆ ಫಿಲ್ಮಿನ ಲೇಪ ಕರಗಿ ಜಾರುತ್ತದೆ. ಅದಕ್ಕಾಗಿ ಮೋಮಿನಪುರದಿಂದ ತಂದ ಎರಡು ಮಣ್ಣಿನ ಗಡಿಗೆಗಳಲ್ಲಿ ನೀರು ತಣಿಸುತ್ತಿದ್ದರು. ಒಂದು ಕುಡಿಯಲು, ಒಂದು ಫಿಲ್ಮಿಗೆ. ಬಂದ ನೆಂಟರು ಫಿಲ್ಮಿನ ಗಡಿಗೆಗೆ ಕೈ ಹಾಕಿದರೆ ಕಾಕಾ ಜೋರಾಗಿ ಕೂಗುತ್ತಿದ್ದರು.

ನನಗೆ ಈ ಹುಚ್ಚು ಹಿಡಿಸಿದವರು ಅವರೇ. ನಾನು ಪ್ರತಿ ಚಿತ್ರದ ದಿನ, ಬೆಳಕು ಬರೆದಿಡುವುದನ್ನು ನೋಡಿ ‘ಲೆಕ್ಕದವ್ವ’ ಎಂದು ಹೆಸರಿಟ್ಟಿದ್ದರು. ಅವರಿಗಿದ್ದ ನಿಯಮ ಒಂದೇ: ಒಬ್ಬರದು ಒಂದೇ ಚಿತ್ರ. “ಎರಡನೇದು ಹೊಡೆದ್ರ ಮೊದಲನೇದು ಸಿಟ್ಟಿಗೇಳ್ತದ.”

ಒಂದು ದುರಾಸೆಯೂ ಇತ್ತು. ರೋಲಿನಲ್ಲಿ ಮೂವತ್ತಾರು ಚಿತ್ರ. ಅದು ಮುಗಿದ ಮೇಲೂ ತುದಿಯಲ್ಲಿ ಚೂರು ಫಿಲ್ಮ್ ಉಳಿದಿರುತ್ತದೆ. ಫಿಲ್ಮನ್ನು ಮುಂದೆ ಸರಿಸುವ ಸನ್ನೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಅಲ್ಲಿಂದ ಮೂವತ್ತೇಳನೆಯದನ್ನು ಹೊರತೆಗೆಯುತ್ತಿದ್ದರು. ತೂಕ ಮುಗಿದ ಮೇಲೆ ಅಂಗಡಿಯವನು ಒಂದು ಹಿಡಿ ಹೆಚ್ಚಿಗೆ ಹಾಕುತ್ತಾನಲ್ಲ, ಅದೇ ಹೆಸರನ್ನು ಇದಕ್ಕೂ ಇಟ್ಟಿದ್ದರು: ಕೊಸರು. ಮನಸ್ಸಿಗೆ ಅತಿ ಹತ್ತಿರವಾದುದನ್ನು ಕೊಸರಿಗೆ ಕಾಯ್ದಿಡುತ್ತಿದ್ದರು.

ಅವರ ಅಕ್ಕ ಗುರುಬಾಯಿ ಕಮಲಾಪುರದಲ್ಲಿದ್ದರು. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವರು, ಕೆಂಪು ಬಾಳೆಹಣ್ಣಿನ ವ್ಯಾಪಾರದವರು. ಒಮ್ಮೆ ಕಾಕಾ ಆ ಹಣ್ಣಿನ ಚಿತ್ರ ಒಯ್ದು ತೋರಿಸಿದಾಗ ಅಕ್ಕ ಬೈದಿದ್ದರು: “ಕೆಂಪಿದ್ದದ್ದು ಕರ್ರಗ ಮಾಡಿಟ್ಟಾನ! ಕೊಳೆತಾವಂತ ಗಿರಾಕಿ ಓಡಿ ಹೋಗ್ತಾರ.” ತಮ್ಮ ಮುಖದತ್ತ ಮಾತ್ರ ಕ್ಯಾಮೆರಾ ತಿರುಗಿಸಲು ಬಿಟ್ಟವರಲ್ಲ.

ಈ ವರ್ಷ ಬಿಟ್ಟರು. ಅಕ್ಕನ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ನರವೂ ಒಣಗುತ್ತಿದೆ, ಮಳೆಗಾಲದವರೆಗೆ ಉಳಿದರೆ ಹೆಚ್ಚು ಎಂದು ವೈದ್ಯರು ಹೇಳಿದ್ದರು. ಗುರುಬಾಯಿ ತಮ್ಮನಿಗೆ ಹೇಳಿ ಕಳಿಸಿದರು. ಏಪ್ರಿಲ್ ಆರರಂದು ನಾವಿಬ್ಬರೂ ಹೋದೆವು. ನಾನು ಫೋನ್ ತೆಗೆದೆ, ಈಗಲೇ ತೋರಿಸುತ್ತೇನೆಂದೆ.

“ಬ್ಯಾಡವ್ವ. ಕನ್ನಡ್ಯಾಗ ದಿನಾ ನೋಡೀನಿ. ಇಂವಾ ನನ್ನ ಹ್ಯಾಂಗ ನೋಡ್ತಾನ, ಅದು ನೋಡಬೇಕಾಗ್ಯಾದ.”

ರೋಲಿನಲ್ಲಿ ಕೊಸರೂ ಸೇರಿ ಎರಡು ಚಿತ್ರ ಉಳಿದಿದ್ದವು. ಕಾಕಾ ಒಂದನ್ನು ಹಿತ್ತಲಿನ ಬಾಳೆಗೆ ಕೊಟ್ಟರು. ಅದು ಮೂವತ್ತಾರನೆಯದು. ಆಮೇಲೆ ಚಪ್ಪಲಿ ಬಿಟ್ಟು, ಅಕ್ಕನ ಮುಂದೆ ನಿಂತು ಸನ್ನೆ ಒತ್ತಿದರು. ಅದು ಅರ್ಧಕ್ಕೇ ನಿಂತಿತು. ಇನ್ನಷ್ಟು ಒತ್ತಿದರು. ಒಳಗೆ ‘ಟಕ್’ ಎಂದಿತು, ಸನ್ನೆ ಪೂರ್ತಿ ಬಂತು. ಚಿತ್ರ ತೆಗೆದರು. ಫಿಲ್ಮನ್ನು ವಾಪಸು ಸುತ್ತಲು ಹಿಡಿಕೆ ತಿರುಗಿಸಿದರೆ ಏನೂ ತಾಗಲಿಲ್ಲ, ಬರಿದೇ ಗರಗರ ತಿರುಗಿತು.

“ಹರೀತವ್ವ,” ಎಂದರು.

ಫಿಲ್ಮ್ ತನ್ನ ಡಬ್ಬಿಯಿಂದ ಕಿತ್ತು ಬಂದು ಕ್ಯಾಮೆರಾದೊಳಗೆ ಸುತ್ತಿಕೊಂಡಿತ್ತು. ಬೆನ್ನು ತೆರೆದರೆ ಬೆಳಕು ಮೊದಲು ಬೀಳುವುದು ಹೊರಗಿನ ಸುತ್ತಿನ ಮೇಲೆ, ಅಂದರೆ ಅಕ್ಕನ ಚಿತ್ರದ ಮೇಲೆ. ಗವ್ವೆನ್ನುವ ಕತ್ತಲೆ ಬೇಕಿತ್ತು. ಇದ್ದುದು ಮಧ್ಯಾಹ್ನದ ಬಿಸಿಲು.

“ಹಣ್ಣು ಹಾಕೋ ಖೋಲಿ ಅದಲ್ಲ,” ಎಂದರು ಗುರುಬಾಯಿ.

ಕಾಯಿ ಹಣ್ಣಾಗಲು ಮುಚ್ಚಿಡುವ ಕೋಣೆ, ಕಿಟಕಿಯಿಲ್ಲ. ಕಾಕಾ ಒಳಗೆ ಹೋದರು. ನಾನು ಬಾಗಿಲ ಸಂದಿಗೆಲ್ಲ ಗೋಣಿಚೀಲ ತುರುಕಿದೆ. ಒಳಗೆ ಒಲೆಯಂಥ ಕಾವು. ಬೆವರಿದ ಬೆರಳು ಫಿಲ್ಮಿಗೆ ಅಂಟಿದರೆ ಅಲ್ಲಿಗೇ ಕತೆ ಮುಗಿಯಿತು. ಅಷ್ಟರಲ್ಲಿ ಅಂಗಳಕ್ಕೆ ಬಾಳೆಗೊನೆ ಹೇರಿದ ಟಂಟಂ ರಿಕ್ಷಾ ಬಂತು. ಚಾಲಕ ಒಂದು ಗೊನೆ ಹೆಗಲಿಗೇರಿಸಿಕೊಂಡು ನೇರ ಬಾಗಿಲಿಗೇ ಬಂದ.

“ಸರೀರಿ ಆಯಿ, ಮಾಲು ಇಳಸ್ಬೇಕು.”

ಗುರುಬಾಯಿ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು. “ತೆಗ್ಯಾಂಗಿಲ್ಲ. ಒಳಗ ನನ್ನ ಮಾರಿ ಅದ.”

ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ. “ಮತ್ತ ಇದ್ಯಾರ್ದ್ರೀ?”

“ಇದು ಹಳೇದು. ಸುಮ್ನ ನಿಂದ್ರೋ ಭಾಡ್ಯಾ!”

ಯಾರೂ ನಗಲಿಲ್ಲ. ಅವನು ಗೊನೆ ಹೊತ್ತೇ ನಿಂತ. ಕೊನೆಗೆ ಒಳಗಿನಿಂದ ಕಾಕಾ ಕೆಮ್ಮಿದರು. ಹೊರಬಂದಾಗ ಅಂಗಿ ಹಿಂಡುವಂತೆ ತೊಯ್ದಿತ್ತು. ಫಿಲ್ಮ್ ಕಪ್ಪು ಡಬ್ಬಿಯೊಳಗೆ ಭದ್ರವಾಗಿ ಸೇರಿತ್ತು.

ಊರಿಗೆ ಬಂದು ತೊಳೆದೆವು. ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದಾಗ ಮೂವತ್ತಾರೂ ಚೆನ್ನಾಗಿ ಬಂದಿದ್ದವು. ಆ ಹಾಳು ಬಾಳೆಯ ಎಲೆಯ ನರ ನರವೂ ಎಣಿಸುವಂತಿತ್ತು. ಮೂವತ್ತೇಳನೆಯದರಲ್ಲಿ ಗುರುಬಾಯಿಯವರ ಒಂದು ಕಿವಿ, ಒಂದು ಕೆನ್ನೆ, ಒಂದು ಕಣ್ಣು. ಮುಂದೆ ಫಿಲ್ಮೇ ಇರಲಿಲ್ಲ.

ಕಾಕಾ ಅದನ್ನೇ ಅಚ್ಚು ಹಾಕಿ ಒಯ್ದರು, ನಾನೂ ಜೊತೆಗೆ ಹೋದೆ. ಗುರುಬಾಯಿ ಚಿತ್ರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು.

“ಇನ್ನರ್ಧ ಎಲ್ಲದ?”

“ಕೊಸರಿನಾಗ ಅಷ್ಟೇ ಸಿಕ್ತಕ್ಕ.”

ಅಕ್ಕ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡರು. “ಬಾಳಿ ಗಿಡಕ್ಕ ತೂಕದ ಮಾಲು. ನನಗ ಕೊಸರೇನೋ ಶರಣ್ಯಾ?”

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಒಂದೇ ಮಾತಾಡಿದರು. “ತೂಕ ರೊಕ್ಕಕ್ಕ ಕೊಡೋದು, ಕೊಸರು ಪ್ರೀತಿಲೇ ಕೊಡೋದು ಅಂತ ತಿಳ್ಕೊಂಡಿದ್ನವ್ವ. ತಗೊಳ್ಳೋರಿಗೆ ಹ್ಯಾಂಗ ಅನಸ್ತದ, ನೋಡೇ ಇರ್ಲಿಲ್ಲ.”

ಮೇ ತಿಂಗಳ ಮೊದಲ ಭಾನುವಾರ ಅವರು ತಮ್ಮ ನಿಯಮ ಮುರಿದರು. ಹೊಸ ರೋಲ್ ಹಾಕಿಕೊಂಡು ಹೋದೆವು. ಅಷ್ಟರಲ್ಲಿ ಗುರುಬಾಯಿ ನನ್ನನ್ನು ದನಿಯಿಂದಷ್ಟೇ ಗುರುತಿಸುವಂತಾಗಿದ್ದರು.

“ಈಗ ಎಷ್ಟನೇದೋ?”

“ಒಂದನೇದು, ಅಕ್ಕ.”

ಅವರು ನಕ್ಕರು. ಕಾಕಾ ಆ ನಗುವನ್ನೇ ಹಿಡಿದರು. ಉಳಿದ ಮೂವತ್ತೈದನ್ನು ಖಾಲಿಯೇ ಬಿಟ್ಟು, ಅಲ್ಲೇ ಕೂತು ರೋಲ್ ಸುತ್ತಿದರು.

ಅದೇ ವಾರ ನಾನು ಪರೀಕ್ಷೆಗೆಂದು ಧಾರವಾಡಕ್ಕೆ ಹೋದೆ. ಕಾಕಾ ಚಿತ್ರ ತೊಳೆದು, ಅಚ್ಚು ಹಾಕಿ, ಲಕೋಟೆಯಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದ್ದನ್ನು ನಮ್ಮ ಅವ್ವ ನೋಡಿದ್ದಾಳೆ. ಅದೇ ಸಂಜೆ ಕಮಲಾಪುರದ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ. ಅಕ್ಕನ ಮನೆಯಿಂದ ವಾಪಸು ಬರುತ್ತಿದ್ದರೋ, ಇನ್ನೂ ಹೋಗುವವರಿದ್ದರೋ, ಕಂಡವರಿಲ್ಲ. ಚೀಲದಲ್ಲಿ ಲಕೋಟೆ ಇರಲಿಲ್ಲ.

ನಾನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಗುರುಬಾಯಿಯವರ ಬಾಗಿಲಿಗೆ ಬೀಗ. ದೂರದ ನೆಂಟರು ಬೀದರ್ ಕಡೆ ಕರೆದುಕೊಂಡು ಹೋದರಂತೆ, ಊರು ಯಾರಿಗೂ ಗೊತ್ತಿಲ್ಲ. ಮಳೆಗಾಲ ಶುರುವಾಗಿದೆ. ಕಾಕಾ ಮನೆಯಲ್ಲಿ ಸಿಕ್ಕ ನೆಗೆಟಿವ್ ನನ್ನ ಹತ್ತಿರವಿದೆ, ಪೂರ್ತಿ ಮುಖ, ಪೂರ್ತಿ ನಗು. ಬೇಕಾದಷ್ಟು ಅಚ್ಚು ಹಾಕಬಲ್ಲೆ.

ಬೀದರ್ ಕಡೆಯವರು ಯಾರಾದರೂ ಇದನ್ನು ಓದಿದರೆ, ಕಮಲಾಪುರದಿಂದ ಬಂದ, ಕಣ್ಣು ಕಾಣದ ಗುರುಬಾಯಿ ಎಂಬುವರು ನಿಮ್ಮೂರಲ್ಲಿದ್ದರೆ, ಪಕ್ಕ ಕೂತು ಒಂದು ಮಾತು ಕೇಳಿ: ತಮ್ಮ ಶರಣಪ್ಪ ಆ ಚಿತ್ರವನ್ನು ಕೈಗೆ ಕೊಟ್ಟನೇ? ಆಗ ಕಣ್ಣಿಗೆ ಕಂಡಿತೇ? ಅವರು ಏನೇ ಹೇಳಲಿ, ಹೇಳಿದ ಹಾಗೆಯೇ ನನಗೆ ಬರೆಯಿರಿ.