ಲೀಲಾಕ್ಷಿ ಕಲಿಸಿದ ರಜೆಯ ಪದ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಶಾಲೆಯೊಂದರಲ್ಲಿ ಲೀಲಾಕ್ಷಿ ಜರ್ಮನ್ ಕಲಿಸುತ್ತಾರೆ. ಕಾರ್ಕಳದವರಿಗೆ ಜರ್ಮನ್ ಹೇಗೆ ಬಂತು ಎಂದು ಇಲ್ಲಿನ ಕನ್ನಡದವರು ಈಗಲೂ ಕೇಳುತ್ತಾರೆ. "ಹಾಸ್ಟೆಲ್ ಪಕ್ಕದಲ್ಲೇ ಕ್ಲಾಸಿತ್ತು, ಸೇರಿಕೊಂಡೆ" ಎಂದು ಅವರು ನಗುತ್ತಾರೆ.

ಅವರಿಗೆ ತುಂಬ ಇಷ್ಟವಾದ ಪಾಠ ಒಂದೇ ಒಂದು ಪದದ್ದು. ಹಳೆಯ ರೋಮಿನಲ್ಲಿ ದೇವರಿಗೆ ಮೀಸಲಾದ ದಿನಗಳಿಗೆ ಲ್ಯಾಟಿನ್ನಿನಲ್ಲಿ 'ಫೆರಿಯೈ' ಎನ್ನುತ್ತಿದ್ದರು. ಅಂದು ನ್ಯಾಯಾಲಯ ಮುಚ್ಚಿರುತ್ತಿತ್ತು, ದುಡಿಮೆ ನಿಲ್ಲುತ್ತಿತ್ತು. ಅದೇ ಪದ ಜರ್ಮನಿಯಲ್ಲಿ 'ಫೇರಿಯನ್' ಆಯಿತು, ಇಟಲಿಯಲ್ಲೂ ನಾರ್ವೆಯಲ್ಲೂ 'ಫೇರಿಯೆ', ಪೋರ್ಚುಗಲ್ಲಿನಲ್ಲಿ 'ಫೇರಿಯಶ್'; ಎಲ್ಲಕ್ಕೂ ರಜೆ ಎಂದೇ ಅರ್ಥ. ಹಬ್ಬಕ್ಕೆ ಜನ ಸೇರಿದಲ್ಲಿಗೆ ವ್ಯಾಪಾರಿಗಳೂ ಬಂದರು. ಹಾಗಾಗಿ ಫ್ರಾನ್ಸಿನ ಹಾದಿಯಲ್ಲಿ ಇಂಗ್ಲೆಂಡಿಗೆ ಬರುವಷ್ಟರಲ್ಲಿ ಅದು 'ಫೇರ್' ಆಗಿತ್ತು, ಅಂದರೆ ಸಂತೆ.

"ಅವರಿಗೆಲ್ಲ ರಜೆ ಸಿಕ್ಕಿತು, ನಮಗೆ ಬರೀ ಸಂತೆ!" ಎಂದಾಗ ತರಗತಿಯೆಲ್ಲ ನಗುತ್ತಿತ್ತು.

ಲೀಲಾಕ್ಷಿಗೆ ಮಾತ್ರ ರಜೆಯೆಂಬುದಿರಲಿಲ್ಲ. ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಜರ್ಮನಿಗೆ ಕರೆದೊಯ್ಯಬೇಕು, ಈಸ್ಟರ್ ರಜೆಯಲ್ಲಿ ಪರೀಕ್ಷೆ ಬರೆಯುವವರಿಗೆ ಪಾಠ ಮಾಡಬೇಕು. ಮಗಳು ಚರಿಷ್ಮಾ ಅಪ್ಪ ಹರಿಶ್ಚಂದ್ರರ ಜೊತೆ ಉಳಿಯುತ್ತಿದ್ದಳು.

ಕಳೆದ ವರ್ಷ ಅದೇ ಚರಿಷ್ಮಾ ಅಮ್ಮನ ತರಗತಿಗೆ ವಿದ್ಯಾರ್ಥಿನಿಯಾಗಿ ಬಂದಳು. ಪದದ ಕಥೆ ಮುಗಿಸಿದ ಲೀಲಾಕ್ಷಿ, ರಜೆಯ ಬಗ್ಗೆ ಒಬ್ಬೊಬ್ಬರೂ ಜರ್ಮನ್‌ನಲ್ಲಿ ಒಂದು ವಾಕ್ಯ ಹೇಳಬೇಕೆಂದರು. ಚರಿಷ್ಮಾ ಎದ್ದು ನಿಂತು ಸ್ಪಷ್ಟವಾಗಿ ಹೇಳಿದಳು: "ರಜೆಯಲ್ಲಿ ನನ್ನ ಅಮ್ಮ ಇರುವುದಿಲ್ಲ."

ಜರ್ಮನ್‌ನಲ್ಲಿ ಮಕ್ಕಳು ಸದಾ ತಪ್ಪಿ ಇಡುವ ಕ್ರಿಯಾಪದ ಸರಿಯಾದ ಜಾಗದಲ್ಲೇ ಬಿದ್ದಿತ್ತು. "ತುಂಬ ಚೆನ್ನಾಗಿದೆ" ಎಂದು ಹೊಗಳಿ ಲೀಲಾಕ್ಷಿ ಮುಂದಿನ ಹುಡುಗನತ್ತ ತಿರುಗಿದರು. ಆಮೇಲಷ್ಟೇ ಮಾತಿನ ಅರ್ಥ ತಟ್ಟಿತು. ಅವನ ವಾಕ್ಯ ಬರೆಯುತ್ತಿದ್ದ ಪೆನ್ನು ಬೋರ್ಡಿನ ಮೇಲೆ ಹಾಗೇ ನಿಂತಿತು. ಮಗಳು ಕುಳಿತಾಗಿತ್ತು, ಕಿಟಕಿಯ ಕಡೆ ನೋಡುತ್ತಿದ್ದಳು.

ಸಂಜೆ ಮನೆಯಲ್ಲಿ ಲೀಲಾಕ್ಷಿ ಮಗಳ ಕ್ಷಮೆ ಕೇಳಿದರು.

"ಇಟ್ಸ್ ಫೈನ್, ಅಮ್ಮ. ಗ್ರಾಮರ್ ಕರೆಕ್ಟ್ ಇತ್ತಲ್ವಾ?"

ಮಗಳು ಜಗಳವಾಡಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಆ ಬೇಸಿಗೆ ಲೀಲಾಕ್ಷಿ ಜರ್ಮನಿಯ ಪ್ರವಾಸವನ್ನು ಫ್ರೆಂಚ್ ಕಲಿಸುವ ಮೇಧಾಗೆ ಒಪ್ಪಿಸಿದರು. "ನೀವಿಲ್ಲದೆ ಮಕ್ಕಳಿಗೆ ಬೇಜಾರಾಗತ್ತೆ" ಎಂದು ಮೇಧಾ ಅಂದದ್ದೂ ಮನಸ್ಸಿಗೆ ಚುಚ್ಚಿತು. ಆದರೂ ಮೂವರೂ ವಿಟ್ಬಿಯ ಕಡಲತೀರಕ್ಕೆ ಹೋದರು.

ಅಲ್ಲಿ ಲೀಲಾಕ್ಷಿ ಬಿಸಿ ಚಿಪ್ಸ್ ಕೊಂಡು, ಇಲ್ಲಿನ ರೂಢಿಯಂತೆ ಉತ್ಸಾಹದಿಂದ ವಿನೆಗರ್ ಸುರಿದು ಮಗಳ ಕೈಗಿಟ್ಟರು. ಚರಿಷ್ಮಾ ತಿನ್ನಲಿಲ್ಲ.

"ನಂಗೆ ವಿನೆಗರ್ ಸೇರಲ್ಲ."

"ಯಾವಾಗಿಂದ?"

"ಪ್ರೈಮರಿ ಸ್ಕೂಲಿಂದ. ಅಪ್ಪಂಗೆ ಗೊತ್ತು."

ಹರಿಶ್ಚಂದ್ರ ಸಮುದ್ರದತ್ತ ನೋಡಿದರು. ಲೀಲಾಕ್ಷಿ ಎದ್ದು ಮತ್ತೆ ಸಾಲಿನಲ್ಲಿ ನಿಂತರು. ಯುರೋಪಿನ ಊರೂರಲ್ಲಿ ಒಂದು ಪದ ಹೇಗೆ ಬದಲಾಯಿತೆಂದು ಬಲ್ಲ ತನಗೆ, ತನ್ನದೇ ಮನೆಯಲ್ಲಿ ಒಂದು ಮಗುವಿನ ನಾಲಿಗೆ ಬದಲಾದದ್ದು ತಿಳಿಯಲಿಲ್ಲವಲ್ಲ ಎಂದುಕೊಂಡರು.

ಬರಿ ಉಪ್ಪು ಹಾಕಿದ ಪೊಟ್ಟಣ ತಂದು ಕೊಟ್ಟಾಗ ಚರಿಷ್ಮಾ ಅಮ್ಮನ ಮುಖ ನೋಡಿದಳು.

"ಅಮ್ಮ, ಹೋಲ್ ವೀಕ್ ಹೀಗೇ ಸಾರಿ ಮುಖ ಮಾಡ್ಬೇಡ, ಪ್ಲೀಸ್. ಕೂತ್ಕೋ."

ಲೀಲಾಕ್ಷಿ ಪಕ್ಕದಲ್ಲಿ ಕುಳಿತರು. "ಇನ್ನೇನೇನು ಸೇರಲ್ಲ ನಿಂಗೆ? ಹೇಳು" ಎಂದರು. ಚರಿಷ್ಮಾ ತಿನ್ನುತ್ತಲೇ ಒಂದೊಂದಾಗಿ ಹೇಳತೊಡಗಿದಳು. ಅದು ಬಹಳ ಹೊತ್ತು ನಡೆಯಿತು.