ಮುನಿಕೃಷ್ಣನ ನೀಲಿ ಪಟ

ಕಾಡುಗೋಡಿಯ ಶ್ಯಾಮಣ್ಣನವರ ಮನೆಯ ಮೇಲಿನ ಮಹಡಿಗೆ ಬಾಡಿಗೆಗೆ ಬಂದಾಗ ವನಜಾಳ ಸಾಮಾನಿನಲ್ಲಿ ಪಾತ್ರೆಗಳಿಗಿಂತ ಗಾಜಿನ ಹಲಗೆಗಳೇ ಹೆಚ್ಚಿದ್ದವು. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಮೀಟರುಗಳಿಗೆ ಅಂಕಿ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಭಾಗದಲ್ಲಿ ಅವಳು ಮದುವೆಗೆ ಮೊದಲೂ ದುಡಿದಿದ್ದಳು, ಮದುವೆ ಮುರಿದ ಮೇಲೂ ದುಡಿದಿದ್ದಳು. ಹೊಸ ಯಂತ್ರ ಬಂತು, ವಿಭಾಗ ಮುಚ್ಚಿತು. ಆಮೇಲೆ ವೈಟ್‌ಫೀಲ್ಡಿನ ಕಲಾವಿದೆಯೊಬ್ಬರ ಬಳಿ ಗಾಜಿನ ಮೇಲೆ ನೀಲಿ ಚಿತ್ರ ಮೂಡಿಸುವುದನ್ನು ಕಲಿತು ಅದನ್ನೇ ಹೊಟ್ಟೆಪಾಡು ಮಾಡಿಕೊಂಡಳು.

ತೊಳೆದ ಗಾಜಿನ ಮೇಲೆ ಕರಗಿಸಿದ ಜೆಲಾಟಿನ್ ಹರಡಿ, ಕಬ್ಬಿಣದ ಉಪ್ಪಿನ ಹಳದಿ ದ್ರಾವಣ ಸವರಿ ಕತ್ತಲಲ್ಲಿ ಒಣಗಿಸಬೇಕು. ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದು ತೊಳೆದರೆ ಹಳದಿ ಹರಿದುಹೋಗಿ ನೀಲಿ ನಿಲ್ಲುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ನೀಲಿ ಸತ್ತುಹೋಗುತ್ತಿತ್ತು. ಹಾಗಾಗಿ ಕ್ಯಾನ್ ನೀರೇ ಬೇಕು. ಅದನ್ನು ಹೆಗಲ ಮೇಲೆ ಹೊತ್ತು ತಂದುಕೊಡುತ್ತಿದ್ದವನು ಶ್ಯಾಮಣ್ಣನವರ ಒಬ್ಬನೇ ಮಗ ಮುನಿಕೃಷ್ಣ. ಮದುವೆಗೆ ಹೆಣ್ಣು ನೋಡುತ್ತಿದ್ದ ವಯಸ್ಸು.

“ಅಕ್ಕಾ, ಬರೀ ಎಲೆ, ಬಿಲ್ಡಿಂಗೇ ಮಾಡ್ತೀಯಲ್ಲ. ನಂದೊಂದು ಮಾಡು,” ಅನ್ನುತ್ತಿದ್ದ. ಒಂದು ಬೆಳಿಗ್ಗೆ ಟೆರೇಸಿನಲ್ಲಿ ನಿಲ್ಲಿಸಿ ಫೋಟೊ ತೆಗೆದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದ. ನೆಗೆಟಿವ್ ಮಾಡಿಟ್ಟಳು, ಪಟ ಮಾಡಲು ಪುರುಸೊತ್ತಾಗಲಿಲ್ಲ.

ದೀಪಾವಳಿ ಕಳೆದ ವಾರ, ಚನ್ನಸಂದ್ರದ ರಸ್ತೆಯಲ್ಲಿ ಟಿಪ್ಪರ್ ಬಡಿದು ಮುನಿಕೃಷ್ಣ ಅಲ್ಲೇ ಬಿದ್ದ. ಗುರುತಿದ್ದವರು ಫೋನ್ ಮಾಡಿ, ಮನೆಯವರು ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಹಿರಿಯರನ್ನು ಮಣ್ಣು ಮಾಡಿದ ಜಾಗದಲ್ಲೇ ಅವನನ್ನೂ ಮಣ್ಣು ಮಾಡಿದರು.

ತಿಥಿ ಮುಗಿದ ಮೇಲೆ ಅವನ ತಾಯಿ ಕೃಷ್ಣಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

“ಅವಂದೊಂದು ಪೋಟ ತೆಗ್ದಿದ್ದೆಯಂತಲ್ಲ.”

“ಹೂಂ ಅಮ್ಮ.”

“ನಿನ್ನ ಗಾಜಲ್ಲಿ ಮಾಡ್ಕೊಡು. ಕೆಳಗಿರೋ ಪೋಟಗಳಿಗೆಲ್ಲ ಊವಿನ ಆರ ಆಕ್ಬಿಟ್ಟವ್ರೆ. ನೋಡಕ್ಕಾಗಲ್ಲ.”

ಮೊದಲ ಪಟ ತೊಳೆಯುವಾಗಲೇ ಕೆಟ್ಟಿತು. ಹಾಲಿನ ಕೆನೆಯ ಹಾಗೆ ಚಿತ್ರ ಗಾಜು ಬಿಟ್ಟೆದ್ದು, ಆ ನಗು ಮಡಚಿಕೊಂಡು ನೀರಿನಲ್ಲಿ ತೇಲಿತು. ಎತ್ತಲು ಹೋದರೆ ಬೆರಳಲ್ಲೇ ಹರಿಯಿತು. ವನಜಾ ಟ್ರೇಯ ನೀರು ಚೆಲ್ಲಲಾರದೆ ಸಂಜೆಯವರೆಗೂ ಅದರ ಪಕ್ಕದಲ್ಲೇ ಕೂತಿದ್ದಳು. ಎರಡನೆಯದು ನಿಂತಿತು. ಬಿಸಿಲು ತಾಗದ ಕಡೆ ಇಡಬೇಕೆಂದು ಹೇಳಿಯೇ ಕೊಟ್ಟಳು. ಆದರೆ ಕೃಷ್ಣಮ್ಮ ಅದನ್ನು ಮೂಡಣ ಕಿಟಕಿಗೇ ಕಟ್ಟಿಸಿದರು. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಮಗ ಎದುರಿಗೆ ನಿಂತ ಹಾಗೇ ಕಾಣುತ್ತಿದ್ದ.

ಬೇಸಿಗೆ ಬರುವ ಹೊತ್ತಿಗೆ ಕೆನ್ನೆ ಬೆಳ್ಳಗಾಯಿತು, ಕಿವಿ ಕಾಣದಾಯಿತು. ಕೃಷ್ಣಮ್ಮ ವನಜಾಳನ್ನು ಕರೆಸಿದರು.

“ಬಿಸಿಲು ತಿಂದಿದೆ ಅಮ್ಮ,” ಎಂದಳು ವನಜಾ. “ಬಟ್ಟೆ ಸುತ್ತಿ ಬೀರುವಿನಲ್ಲಿಡಿ. ಕೆಲವು ದಿನ ಕತ್ತಲಲ್ಲಿದ್ರೆ ಬಣ್ಣ ತಿರುಗಿ ಬರುತ್ತೆ.”

ಕೃಷ್ಣಮ್ಮ ಸೆರಗಿನಿಂದ ಗಾಜು ಒರೆಸುತ್ತಿದ್ದವರು ನಿಲ್ಲಿಸಿದರು.

“ಒಂದ್ಸಲ ಮಣ್ಣಲ್ಲಿ ಇಕ್ಕಿ ಬಂದೀವಿ ಕಣಮ್ಮ. ಇನ್ನೊಂದ್ಸಲ ಕತ್ಲೇಲಿ ಇಕ್ಕಲ್ಲ.”



ಎರಡು ದಿನ ಬಿಟ್ಟು ಶ್ಯಾಮಣ್ಣ ಮೇಲೆ ಬಂದರು. ಆ ಕಿಟಕಿಯ ಮುಂದೆ ಒಂದು ದಿನವೂ ನಿಲ್ಲದ ಮನುಷ್ಯ. “ಅಂಗೇ ಇನ್ನೊಂದು ಮಾಡಿಕ್ಕು ತಾಯಿ. ಅವ್ಳಿಗೆ ಗೊತ್ತಾಗ್ದಂಗೆ ಬದ್ಲಾಯಿಸ್ತೀನಿ,” ಎಂದರು. ವನಜಾ ಮಾಡಿಕೊಟ್ಟಳು. ಹೆಂಡತಿ ದೇವಸ್ಥಾನಕ್ಕೆ ಹೋದಾಗ ಅವರು ಹೊಸದನ್ನು ಕಟ್ಟಿದರು.

ಕೃಷ್ಣಮ್ಮ ಬಂದವರೇ ಕಿಟಕಿ ನೋಡಿ, ಇಬ್ಬರನ್ನೂ ಕರೆದರು. ದನಿ ಏರಿರಲಿಲ್ಲ.

“ಹಳೇದೆಲ್ಲಿ?”

“ಅದ್ರಲ್ಲಿ ಏನೂ ಉಳಿದಿಲ್ಲ ಕಣೆ,” ಎಂದರು ಶ್ಯಾಮಣ್ಣ.

“ಅವ್ನು ರಸ್ತೇಲಿ ಬಿದ್ದು ಓಗ್ತಿದ್ದಾಗ ನಾನು ಪಕ್ದಲ್ಲಿರಲಿಲ್ಲ. ಯಾರ್ಯಾರೋ ಇದ್ರು. ಇದ್ರಲ್ಲಿ ದಿನಾ ಸ್ವಲ್ಪ ಸ್ವಲ್ಪ ಓಗ್ತಾ ಅವ್ನೆ, ನಾನು ಎದುರ್ಗೇ ಇವ್ನಿ. ಅದನ್ನೂ ಕಿತ್ಕೋಬೇಡಿ.”

ಶ್ಯಾಮಣ್ಣ ಒಳಗಿನಿಂದ ಹಳೆಯದನ್ನು ತಂದುಕೊಟ್ಟರು. ವನಜಾಳೇ ಸ್ಟೂಲು ಹತ್ತಿ ಹೊಸದನ್ನು ಬಿಚ್ಚಿ, ಹಳೆಯ ಗಾಜನ್ನು ಕಟ್ಟಿದಳು.

ಶ್ರಾವಣದ ಹೊತ್ತಿಗೆ ಒಂದು ಹುಬ್ಬು, ಅಂಗಿಯ ಕಾಲರು ಮಾತ್ರ ಉಳಿದಿದ್ದವು. ಆಮೇಲೆ ಅವೂ ಹೋಗಿ, ಗಾಜಿನಾಚೆ ಮೆಟ್ರೊ ಕಂಬಗಳು ಕಾಣತೊಡಗಿದವು. ಕೃಷ್ಣಮ್ಮ ಅಳಲಿಲ್ಲ. ಬೆಳಿಗ್ಗೆ ಬಂದು ಕೂರುವುದನ್ನು ಮಾತ್ರ ಬಿಡಲಿಲ್ಲ; ಕೆಲವು ದಿನ ವನಜಾಳೂ ಮೆಟ್ಟಿಲಿಳಿದು ಬಂದು ಅವರ ಪಕ್ಕದಲ್ಲಿ ಕೂರುತ್ತಾಳೆ.

ಸುತ್ತಲಿನ ಫ್ಲ್ಯಾಟುಗಳವರು ಈಗಲೂ ಗಾಜಿನ ಪಟಕ್ಕೆ ವನಜಾಳ ಬಳಿ ಬರುತ್ತಾರೆ. ಎಲೆ, ಮರ, ಕಟ್ಟಡ ಏನು ಕೇಳಿದರೂ ಮಾಡಿಕೊಡುತ್ತಾಳೆ. ಮನುಷ್ಯರ ಮುಖ ತಂದವರಿಗೆ ಮಾತ್ರ ತನಗೆ ಅದು ಬರುವುದಿಲ್ಲವೆಂದು ಹೇಳಿ ಕಳಿಸುತ್ತಾಳೆ.