ಹೀರಾಮ್ ಸತ್ತದ್ದು ಬಂದರಿಗೆ ತಿಳಿಯಲಿಲ್ಲ

ಸೂರ್ ಬಂದರಿನಲ್ಲಿ ಹೀರಾಮನಿಗೆ ಇನ್ನೊಂದು ಹೆಸರಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹೀರಾಮ್ ಎಂಬುದು ಊರನ್ನು ಹಿಂದೆ ಆಳಿದ ಅರಸನ ಹೆಸರು. ಅಪ್ಪ ಆಸೆಯಿಂದ ಇಟ್ಟಿದ್ದ. ಜ್ಞಾನಸ್ನಾನದ ದಿನ ಪಾದ್ರಿ ಒಪ್ಪಲಿಲ್ಲ. ಸಂತರ ಹೆಸರೇ ಆಗಬೇಕೆಂದು ಜೆರಿಯೋಸ್ ಎಂದು ಬರೆದುಕೊಂಡರು. ಆ ಹೆಸರು ಇಗರ್ಜಿಯ ಪುಸ್ತಕದಲ್ಲೇ ಉಳಿಯಿತು. ಹೆಂಡತಿ ವದಾದ್ ಅದನ್ನು ಕೇಳಿದ್ದು ಒಮ್ಮೆ, ಮದುವೆಯ ದಿನ.

ಮೂವತ್ತು ವರ್ಷ ಅವನೂ ಗೆಳೆಯ ನಖ್ಲೆಯೂ ಒಂದೇ ದೋಣಿಯಲ್ಲಿ ಮೀನು ಹಿಡಿದರು. ದಿನಾ ಬೈದಾಡಿದರು. ಸೈದಾ ಪಟ್ಟಣದ ಆಸ್ಪತ್ರೆಯಲ್ಲಿ, ಸಾಯುವ ಮುನ್ನ, ಹೀರಾಮ್ ವದಾದಳನ್ನು ಕೇಳಿದ್ದು ಒಂದೇ. "ನನ್ನ ಎತ್ತೋವಾಗ ತಲೆ ಕಡೆ ನಖ್ಲೆ ಇರ್ಲಿ ಕಣೇ. ಬೇರೆಯವ್ರು ಬೀಳಿಸ್ತಾರೆ."

ಸತ್ತ ಸಂಜೆಯೇ ಅವನ ತಮ್ಮ ಫಾರೆಸ್ ಸಾವಿನ ಚೀಟಿ ಅಚ್ಚು ಹಾಕಿಸಿ ಬಂದರಿನ ಗೋಡೆಗೆಲ್ಲ ಅಂಟಿಸಿದ. ಮರುದಿನ ಮೂರು ಗಂಟೆಗೆ ಮಣ್ಣು. ಮಧ್ಯಾಹ್ನವಾದರೂ ಬಂದರಿನಿಂದ ಒಬ್ಬನೂ ಬರಲಿಲ್ಲ.

ನಖ್ಲೆಯ ಹೆಂಡತಿ ಮಾರ್ತಾ ಬಂದಳು, ಕೈಯಲ್ಲಿ ಬೇಳೆ ಸಾರಿನ ಪಾತ್ರೆ. "ಹೀರಾಮ್ ಮನೆಗೆ ಬಂದ್ನಂತೆ, ಬಿಸಿಬಿಸಿ ಕುಡೀಲಿ ಅಂತ..." ಅಷ್ಟರಲ್ಲಿ ಶವಪೆಟ್ಟಿಗೆ ಕಂಡಿತು. ಪಾತ್ರೆ ಕೆಳಗಿಟ್ಟಳು. "ಅಯ್ಯೋ ವದಾದ್! ಚೀಟಿಲಿ ಯಾವನೋ ಜೆರಿಯೋಸ್ ಅಂತಿತ್ತಲ್ಲೇ! ನಮ್ಮೋನು ಓದಿ, ಪಾಪ ಯಾರೋ ಏನೋ ಅಂದು ಬೆಳಿಗ್ಗೆ ಕಡಲಿಗೆ ಹೋದ."

ವದಾದ್ ಫಾರೆಸನ ಕಡೆ ತಿರುಗಿದಳು.

"ನಖ್ಲೆಗೆ ಬಾಯಲ್ಲಿ ಹೇಳ್ಲಿಲ್ವೇನೋ?"

"ಚೀಟಿ ಹಚ್ಚಿದ್ನಲ್ಲ ಅತ್ತಿಗೆ. ಇಗರ್ಜಿ ಪುಸ್ತಕದಲ್ಲಿ ಇದ್ದಂಗೇ ಬರೆಸ್ದೆ."

"ಇಗರ್ಜಿ ಪುಸ್ತಕ ಬಂದು ಹೆಗಲು ಕೊಡ್ತದಾ?"

ಮೂರಕ್ಕೆ ಇಗರ್ಜಿಯ ಗಂಟೆ ಹೊಡೆಯಿತು. ಊರವರು ಅಬೂನಾ ಎಂದು ಕರೆಯುವ ಪಾದ್ರಿ ಬಂದರು. ವದಾದ್ ಹೊಸ್ತಿಲ ಮೇಲೆ ಅಡ್ಡ ಕುಳಿತಳು.

"ಏಳಮ್ಮಾ. ಕತ್ತಲಾದ್ರೆ ಮಣ್ಣು ಮಾಡೋಕಾಗಲ್ಲ."

"ದೋಣಿ ಬರ್ಲಿ ಅಬೂನಾ. ಅದಕ್ಕೂ ಮುಂಚೆ ಹೊರಡೋದಾದ್ರೆ ನನ್ನ ದಾಟ್ಕೊಂಡು ಹೋಗಿ, ನೋಡೋಣ."

ಪಾದ್ರಿ ಆಕಾಶ ನೋಡಿದರು, ವದಾದಳನ್ನು ನೋಡಿದರು, ಕುರ್ಚಿ ಎಳೆದು ಕುಳಿತರು. ಮಾರ್ತಾ ದಂಡೆಗೆ ಓಡಿದಳು.

ಹೊತ್ತು ಇಳಿಯುವಾಗ ನಖ್ಲೆ ಬಂದ. ಕಾಲಿಂದ ನೀರು ಸೋರುತ್ತಿತ್ತು. ನೇರ ಪೆಟ್ಟಿಗೆಯ ಹತ್ತಿರ ಹೋದ.

"ಕತ್ತೆ ನನ್ಮಗನೇ, ಮೂವತ್ತು ವರ್ಷದಲ್ಲಿ ಒಂದ್ಸಲ ಹೇಳ್ಬಾರ್ದಿತ್ತಾ? ನಿನ್ನ ಚೀಟಿ ಓದಿ ಸಿಗರೇಟು ಹಚ್ಚಿದ್ನಲ್ಲೋ ನಾನು!"

ಒದ್ದೆ ಅಂಗಿಯಲ್ಲೇ ತಲೆಯ ಕಡೆ ಹೆಗಲು ಕೊಟ್ಟ. ಗುಂಡಿಯವರೆಗೂ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.